ಅಡ್ವಾನ್ಸ್ ಅಲ್ಲದ ದುಡ್ಡು

ಎಂಎಸ್ಸಿ ಮುಗಿಸಿ ಊರಿಗೆ ಬಂದ ವರ್ಷ ನಾನು ಕೊಪ್ಪದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ನಮ್ಮ ವಾಸ ಬಸರೀಕಟ್ಟೆ ಹತ್ತಿರದ ಕಾಫಿ ಎಸ್ಟೇಟಿನ ಲೈನು ಮನೆಯಲ್ಲಿ. ಲೈನು ಅಂದರೆ ಎಸ್ಟೇಟಿನವರು ಕೂಲಿಯಾಳುಗಳಿಗೆಂದು ಸಾಲಾಗಿ ಕಟ್ಟಿಸಿಕೊಟ್ಟ ಮನೆಗಳು. ಅಪ್ಪ ಕಾಫಿಗೂ ಅಡಿಕೆಗೂ ಮದ್ದು ಹೊಡೆಯುವ ಕೆಲಸದವನು. ಅಮ್ಮ ಕಳೆ ತೆಗೆಯುವುದರಿಂದ ಹಿಡಿದು ಹಣ್ಣು ಕೊಯ್ಯುವವರೆಗೆ ತೋಟದ ಎಲ್ಲ ಕೆಲಸಕ್ಕೂ ಹೋಗುವವಳು. ನಾನು ಅಷ್ಟು ದೂರ ಓದಿದ್ದು ಸರಕಾರದ ಹಾಸ್ಟೆಲಿನಲ್ಲಿ ಉಂಡು, ಸರಕಾರವೇ ಫೀಸು ಕಟ್ಟಿದ್ದರಿಂದ. ಎಂಎಸ್ಸಿಯ ಕೊನೆಯ ಪರೀಕ್ಷೆ ಬರೆದು ಹಾಸ್ಟೆಲಿನ ತಟ್ಟೆ, ಲೋಟ ವಾಪಸ್ ಒಪ್ಪಿಸಿ ಬಂದ ದಿನ, ಅಲ್ಲಿಗೆ ಓದಿನ ಋಣ ತೀರಿತು ಅಂದುಕೊಂಡಿದ್ದೆ. ಬೇಸರವೇನೂ ಆಗಿರಲಿಲ್ಲ. ನಮ್ಮ ಲೈನಿನ ಲೆಕ್ಕದಲ್ಲಿ ಅದೇ ದೊಡ್ಡದು.

ಒಂದು ಶನಿವಾರ ಶಾಲೆ ಬಿಟ್ಟು ಕೊಪ್ಪದ ಬಸ್‌ಸ್ಟ್ಯಾಂಡಿಗೆ ಬಂದಾಗ, ಡಿಗ್ರಿಯಲ್ಲಿ ನನಗೆ ಕೆಮಿಸ್ಟ್ರಿ ಕಲಿಸಿದ್ದ ಮೇಡಂ ಸಿಕ್ಕರು. ನಿವೃತ್ತರಾಗಿ ಶೃಂಗೇರಿಯಲ್ಲಿದ್ದರು. ಕಣ್ಣಿನ ಡಾಕ್ಟರಿಗೆ ತೋರಿಸಲು ಬಂದವರು, ಕಪ್ಪು ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ನಾನೇ ಹೋಗಿ ಮಾತಾಡಿಸಿದೆ.

"ಓ, ನೀನೇನೇ? ಧ್ವನಿಯಲ್ಲೇ ಗುರ್ತು ಸಿಕ್ತು ನೋಡು. ಎಂತ ಮಾಡ್ಕಂಡಿದೀಯ ಈಗ?"

"ಸ್ಕೂಲಲ್ಲಿ ಪಾಠ ಮಾಡ್ತಿದೀನಿ ಮೇಡಂ. ಮುಂದಿನ ವರ್ಷ ಬಿ.ಎಡ್ ಮಾಡನ ಅಂತ."

"ಪಿಎಚ್‌ಡಿ ಎಂತಕ್ಕೆ ಮಾಡಲ್ಲ?"

"ಅದೆಲ್ಲ ನಮಗೆಲ್ಲಿ ಮೇಡಂ. ಅಷ್ಟು ವರ್ಷ ಫೀಸು ಕಟ್ಟೋರು ಯಾರು?"

ಮೇಡಂ ಕಪ್ಪು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಫೀಸಿನ ಮಾತು ಆಮೇಲೆ ಮಾರಾಯ್ತಿ. ವಿಜ್ಞಾನದಲ್ಲಿ ಸಂಶೋಧನೆ ಮಾಡೋರಿಗೆ ಅವ್ರೇ ತಿಂಗ್ಳು ತಿಂಗ್ಳು ದುಡ್ಡು ಕೊಡ್ತಾರೆ. ನಿಂಗೆ ಇದನ್ನ ಯಾರೂ ಹೇಳ್ಲೇ ಇಲ್ವಾ?"

ಹೇಳಿರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ವಿಶ್ವವಿದ್ಯಾಲಯದ ನೋಟಿಸ್ ಬೋರ್ಡಿನಲ್ಲಿ 'ಫೆಲೋಶಿಪ್' ಎಂಬ ಮಾತನ್ನು ಎರಡು ವರ್ಷ ನೋಡಿದ್ದೆ. ಅದು ರ್‍ಯಾಂಕ್ ಬಂದವರಿಗೆ ಕೊಡುವ ಪದಕದಂಥದ್ದೇನೋ ಅಂದುಕೊಂಡಿದ್ದೆ. ಊಟ, ಬಾಡಿಗೆ, ಬಸ್‌ಚಾರ್ಜು ಎಲ್ಲವನ್ನೂ ನಡೆಸುವಷ್ಟು ಹಣ ಅದು ಎಂದು ನನಗೆ ಹೊಳೆದಿರಲೇ ಇಲ್ಲ. ನಮ್ಮ ಲೈನಿನಲ್ಲಿ ಓದು ಎಂದರೆ ಕೂಲಿ ಬಿಟ್ಟು ಹೋಗುವುದು. ಓದಿಗೇ ಕೂಲಿ ಸಿಗುತ್ತದೆಂದು ಯಾರು ನೆನೆಸುತ್ತಾರೆ?

ಅಷ್ಟರಲ್ಲಿ ಶೃಂಗೇರಿ ಬಸ್ಸು ಬಂತು. ನಾನು ಅವರ ಕೈಚೀಲ ಎತ್ತಿಕೊಂಡೆ. "ಇರ್ಲಿ ಬಿಡೇ, ಇನ್ನೊಂದು ಬತ್ತದೆ. ಕೂತ್ಕ" ಎಂದು ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. ಆ ಬೆಂಚಿನ ಮೇಲೆ ನನಗೆ ಎಲ್ಲ ಬಿಡಿಸಿ ಹೇಳಿದರು. ದೇಶಕ್ಕೆಲ್ಲ ಒಂದೇ ಪರೀಕ್ಷೆ ಇದೆ, ಅದರಲ್ಲಿ ಮೇಲಿನ ಸಾಲಿನಲ್ಲಿ ಬಂದರೆ ಐದು ವರ್ಷ ಫೆಲೋಶಿಪ್, ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಆ ದುಡ್ಡು ನಿನ್ನ ಹಿಂದೆಯೇ ಬರುತ್ತದೆ. ಸ್ವಲ್ಪ ಕೆಳಗೆ ಬಂದರೆ ಪಾಠ ಮಾಡುವ ಅರ್ಹತೆ ಮಾತ್ರ. ಹಾಗಾದರೂ ಕೈ ಚೆಲ್ಲಬೇಡ, ಪ್ರೊಫೆಸರುಗಳಿಗೆ ಅವರದೇ ಯೋಜನೆಗಳು ಇರುತ್ತವೆ, ಅದರಲ್ಲಿ ಸಹಾಯಕರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರೆ, ಕೆಲಸ ಮಾಡುತ್ತಲೇ ಪಿಎಚ್‌ಡಿಗೆ ಸೇರಬಹುದು. ನಿಮ್ಮಂಥ ಮಕ್ಕಳಿಗೆಂದೇ ರಾಜ್ಯದ ಇಲಾಖೆಗಳೂ ಕೊಡುತ್ತವೆ, ಅದು ಬೇರೆ.

"ಒಂದು ಬಾಗ್ಲು ಹಾಕಿತ್ತು ಅಂತ ವಾಪಸ್ ಬಪ್ಪೋಳು ನೀನಾಗ್ಬೇಡ" ಎಂದರು. "ಭಾನುವಾರ ನಮ್ಮನೆಗೆ ಬಾ. ಹಳೇ ಪ್ರಶ್ನೆಪತ್ರಿಕೆ ಬಿಡ್ಸನ."

ಮುಂದಿನ ಭಾನುವಾರದಿಂದ ಶೃಂಗೇರಿಗೆ ಹೋಗತೊಡಗಿದೆ. ಮೇಡಂ ಮನೆಯ ಮುಂಗೋಣೆಯಲ್ಲಿ ಮೇಜಿಲ್ಲ, ಊಟದ ಮಣೆಯ ಮೇಲೆ ಪುಸ್ತಕ ಇಟ್ಟುಕೊಂಡು ನೆಲದಲ್ಲಿ ಕೂರುತ್ತಿದ್ದೆವು. ಅವರ ಕಣ್ಣು ಓದಲು ಸಾಲದು. ನಾನು ಪ್ರಶ್ನೆಯನ್ನು ಗಟ್ಟಿಯಾಗಿ ಓದಬೇಕು, ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, "ಇದ್ರಲ್ಲಿ ನಿಂಗೆ ಎಂತ ಕೊಟ್ಟಿದಾರೆ, ಎಂತ ಕೇಳ್ತಿದಾರೆ, ಅಷ್ಟು ಹೇಳು ಮೊದ್ಲು" ಎನ್ನಬೇಕು. ತಪ್ಪಾದರೆ ಬಯ್ಯುತ್ತಿರಲಿಲ್ಲ, "ಮತ್ತೆ ಓದು" ಎನ್ನುತ್ತಿದ್ದರು. ಮಧ್ಯಾಹ್ನ ಊಟ ಹಾಕದೆ ಒಂದು ದಿನವೂ ಕಳಿಸಿದವರಲ್ಲ. ಅವರಿಗೆ ನನ್ನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಈಗ ಯೋಚಿಸಿದರೆ ಅದೇ ನನಗೆ ಸಿಕ್ಕ ಮೊದಲ ವಿದ್ಯಾರ್ಥಿವೇತನ.

ಮನೆಯಲ್ಲಿ ಈ ವಿಷಯ ಹೇಳಿದಾಗ ಅಪ್ಪ ಸುಮ್ಮನೆ ತಲೆದೂಗಿದ. ಅಮ್ಮನಿಗೆ ಮಾತ್ರ ಗಾಬರಿಯಾಯಿತು.

"ಎಷ್ಟು ವರ್ಷಕ್ಕೆ ಕೊಡ್ತಾರೆ?"

"ಐದು ವರ್ಷ."

"ಮೊದ್ಲೇ ಕೊಡ್ತಾರಾ, ಕೆಲ್ಸ ಆದ್ಮೇಲೆ ಕೊಡ್ತಾರಾ?"

"ತಿಂಗಳು ತಿಂಗಳು."

"ಅದು ಅಡ್ವಾನ್ಸೇ ಕಣೆ" ಎಂದಳು ಅಮ್ಮ. "ಬ್ಯಾಡ."

ಅವಳ ಭಯಕ್ಕೆ ಕಾರಣವಿತ್ತು. ನಮ್ಮಜ್ಜಿ ಒಂದು ಮದುವೆ ಖರ್ಚಿಗೆಂದು ಹಿಂದಿದ್ದ ತೋಟದಲ್ಲಿ ಅಡ್ವಾನ್ಸ್ ತೆಗೆದುಕೊಂಡಿದ್ದಳು. ಅದು ತೀರುವವರೆಗೆ ಆ ತೋಟ ಬಿಟ್ಟು ಹೋಗುವ ಹಾಗಿಲ್ಲ. ಮಳೆಗಾಲದ ಖರ್ಚಿಗೆ ಮತ್ತೆ ತೆಗೆದುಕೊಂಡಳು, ಅದೂ ಸೇರಿತು. ತವರಿನಲ್ಲಿ ಅವಳ ತಾಯಿ ತೀರಿಕೊಂಡಾಗ ರೈಟರು, ಅಂದರೆ ಆಳುಗಳ ಹಾಜರಿ ಬರೆಯುವವರು, ಮಕ್ಕಳನ್ನು ಇಲ್ಲೇ ಬಿಟ್ಟು ಹೋಗುವುದಾದರೆ ಹೋಗು ಎಂದರಂತೆ. ಹಾಗೆ ಬಿಟ್ಟುಹೋದ ಮಕ್ಕಳಲ್ಲಿ ನಮ್ಮಮ್ಮ ಒಬ್ಬಳು. ಯಾರದೋ ಮನೆಯಲ್ಲಿ ಅವ್ವ ಬರುವುದನ್ನು ಕಾದು ಕೂತದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಈಗ ಕಾಲ ಹಾಗಿಲ್ಲ, ನಾವಿದ್ದ ಎಸ್ಟೇಟಿನ ಮಾಲೀಕರೂ ಅಂಥವರಲ್ಲ. ಆದರೆ ಕೈ ನೀಡಿ ದುಡ್ಡು ತೆಗೆದುಕೊಂಡರೆ ಕಾಲು ಕಟ್ಟಿಹಾಕುತ್ತಾರೆ ಎನ್ನುವುದು ಅಮ್ಮನ ಮೈಯಲ್ಲಿ ಕೂತುಬಿಟ್ಟಿತ್ತು. ನಾನು ಎಷ್ಟು ಬಿಡಿಸಿ ಹೇಳಿದರೂ "ನಿಂಗೆ ಗೊತ್ತಾಗಲ್ಲ" ಅನ್ನುವಳು.

ಪರೀಕ್ಷೆ ಬರೆದೆ. ಫಲಿತಾಂಶವನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಫೋನಿನಲ್ಲೇ ನೋಡಿದೆ. ಪಾಠ ಮಾಡುವ ಅರ್ಹತೆ ಬಂದಿತ್ತು, ಫೆಲೋಶಿಪ್ ಬಂದಿರಲಿಲ್ಲ. ಜೊತೆಯ ಟೀಚರುಗಳು ಪಾಸಾಯಿತೆಂದು ಸಿಹಿ ಕೇಳಿದರು. ನಾನು ನಗುತ್ತಾ ತರಿಸಿಕೊಟ್ಟು, ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತೆ.

ಮೇಡಂಗೆ ಫೋನು ಮಾಡಿದರೆ ಅವರು ಖುಷಿಯಲ್ಲೇ ಇದ್ದರು. "ಮೊದ್ಲ ಸಲಕ್ಕೆ ಇಷ್ಟು ಬಂತಲ್ಲ ಮಾರಾಯ್ತಿ! ಇನ್ನೊಂದು ಸಲ ಬರಿ. ಅಲ್ಲೀವರೆಗೆ ಯಾವುದಾದ್ರೂ ಪ್ರಾಜೆಕ್ಟ್ ಹುಡುಕನ."

ಹುಡುಕಿದ್ದೂ ಅವರೇ. ಅವರಿವರಿಗೆ ಫೋನು ಮಾಡಿ ಕೇಳಿದರು. ನಾನು ಎಂಎಸ್ಸಿ ಓದಿದ್ದ ವಿಶ್ವವಿದ್ಯಾಲಯದಲ್ಲೇ, ಬೇರೆ ವಿಭಾಗದ ಒಬ್ಬ ಪ್ರೊಫೆಸರು ತೋಟಗಳ ಮಣ್ಣಿನಲ್ಲಿ ತಾಮ್ರ ಎಷ್ಟು ಸೇರಿಕೊಂಡಿದೆ, ಅದು ಹಳ್ಳಕ್ಕೆ ಹೋಗುತ್ತದೆಯೇ ಎಂದು ನೋಡುವ ಯೋಜನೆಗೆ ಒಬ್ಬ ಸಹಾಯಕರನ್ನು ಹುಡುಕುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ, ಕಾಫಿಯ ಎಲೆ ರೋಗಕ್ಕೆ ಹೊಡೆಯುವ ಮದ್ದು ಅಂದರೆ ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ. ಅದರಲ್ಲಿರುವುದು ತಾಮ್ರ.

ಸಂದರ್ಶನದಲ್ಲಿ ಆ ಸರ್ ಕೇಳಿದ ಮೊದಲ ಪ್ರಶ್ನೆ, "ಬೋರ್ಡೋ ಮಾಡೋದನ್ನ ನೋಡಿದೀರಾ?"

ನೋಡುವುದೇನು, ಅಪ್ಪನ ಜೊತೆ ಡ್ರಮ್ಮಿನ ಪಕ್ಕ ನಿಂತು ಬೆಳೆದವಳು ನಾನು. ಮೈಲುತುತ್ತು ಬೇರೆ ಕರಗಿಸಿ, ಸುಣ್ಣ ಬೇರೆ ಕದಡಿ, ಆಮೇಲೆ ಎರಡನ್ನೂ ಸೇರಿಸುವುದು, ಸರಿಯಾಗಿದೆಯೇ ನೋಡಲು ಕತ್ತಿಯ ತುದಿ ಅದ್ದುವುದು, ಕತ್ತಿಗೆ ಕೆಂಪು ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಹಾಕುವುದು ಎಲ್ಲ ಹೇಳಿದೆ.

"ಕೆಂಪು ಯಾಕೆ ಹಿಡಿಯುತ್ತೆ?"

"ಕಬ್ಬಿಣ ಕರಗಿ ತಾಮ್ರವನ್ನ ಹೊರಗೆ ತಳ್ಳುತ್ತೆ ಸರ್. ತಾಮ್ರ ಬಂದು ಕತ್ತಿ ಮೇಲೆ ಕೂರುತ್ತೆ. ಅಂದ್ರೆ ದ್ರಾವಣದಲ್ಲಿ ಬಿಡಿ ತಾಮ್ರ ಇನ್ನೂ ಇದೆ ಅಂತ."

ಅದೇ ವಾರ ಆದೇಶ ಬಂತು. ಶಾಲೆ ಬಿಟ್ಟು ಹೊರಟೆ. ಅಮ್ಮ ಬೇಡವೆನ್ನಲಿಲ್ಲ, ಹೋಗೆಂದೂ ಹೇಳಲಿಲ್ಲ. ಚೀಲಕ್ಕೆ ಉಪ್ಪಿನಕಾಯಿ ಬಾಟಲಿ ತುಂಬಿಕೊಟ್ಟಳು.

ಮಳೆ ಕಳೆದ ಮೇಲೆ ಸರ್ ಮಣ್ಣಿನ ಮಾದರಿ ತೆಗೆಯಲು ಸ್ವತಃ ಬಸರೀಕಟ್ಟೆಗೆ ಬಂದರು. ಬಾಡಿಗೆ ಜೀಪು ನಮ್ಮ ಎಸ್ಟೇಟಿನ ಕಣದ ಹತ್ತಿರ ನಿಂತಿತು. ನಾವು ಮಣ್ಣನ್ನು ಚೀಲಗಳಿಗೆ ತುಂಬುತ್ತಿದ್ದಾಗ ಅಮ್ಮ ಕೆಲಸ ಮುಗಿಸಿ, ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ನೇರ ಬಂದು ಸರ್ ಎದುರು ನಿಂತಳು. ನನ್ನ ಕಡೆ ನೋಡಲಿಲ್ಲ.

"ಸಾರ್, ಒಂದು ಮಾತು ಕೇಳ್ಲಾ?"

"ಕೇಳಿ ಅಮ್ಮ."

"ಇವಳಿಗೆ ಕೊಡ್ತೀರಲ್ಲ ದುಡ್ಡು. ಅದನ್ನ ಕಡೀಗೆ ವಾಪಸ್ ಕೇಳ್ತೀರಾ?"

ನಾನು ನಾಚಿಕೊಂಡು ಚೀಲದ ಬಾಯಿ ಕಟ್ಟತೊಡಗಿದೆ. ಸರ್ ಕೈಯ ಮಣ್ಣು ಕೊಡವಿಕೊಂಡು ಎದ್ದು ನಿಂತರು.

"ಇಲ್ಲ. ಅದು ಅವಳು ಮಾಡಿದ ಕೆಲಸಕ್ಕೆ ಕೊಟ್ಟಿದ್ದು. ಅವಳದ್ದೇ."

"ಮಧ್ಯದಲ್ಲಿ ಮದ್ವೆ ಗಿದ್ವೆ ಅಂತ ಬಿಟ್ಟು ಬಂದ್ರೆ? ಹಿಡ್ಕಂಡು ಹೋಗಕ್ಕೆ ಜನ ಕಳ್ಸಲ್ವಾ?"

ಸರ್ ನಗಲಿಲ್ಲ. ಅವರು ನಗದೇ ಇದ್ದದ್ದಕ್ಕೆ ನಾನು ಇಂದಿಗೂ ಋಣಿ. "ಕಳ್ಸಲ್ಲ ಅಮ್ಮ. ಬಿಟ್ಟ ದಿನದಿಂದ ಕೊಡೋದು ನಿಲ್ಲುತ್ತೆ, ಅಷ್ಟೇ. ಹಿಂದಿನದ್ದನ್ನ ಯಾರೂ ಕೇಳಲ್ಲ. ಆದ್ರೆ ಅವಳು ಬಿಡಬಾರದು ಅಂತ ನಂಗೂ ಆಸೆ."

"ಅದು ನಿಮ್ಮ ದುಡ್ಡಾ?"

"ನಂದಲ್ಲ. ಸರ್ಕಾರದ್ದು."

"ಸರ್ಕಾರಕ್ಕೆ ಎಲ್ಲಿಂದ ಬಂತು?"

"ನೀವು ಅಂಗಡೀಲಿ ಸೋಪು ತಗೊಳ್ತೀರಲ್ಲ, ಬಿಸ್ಕತ್ತು ತಗೊಳ್ತೀರಲ್ಲ, ಅದರಲ್ಲಿ ಒಂಚೂರು ತೆರಿಗೆ ಅಂತ ಸರ್ಕಾರಕ್ಕೆ ಹೋಗುತ್ತೆ. ಎಲ್ಲರದ್ದೂ ಸೇರಿ ದೊಡ್ಡದಾಗುತ್ತೆ. ಅದರಲ್ಲಿ ಸ್ವಲ್ಪ ಇಂಥ ಓದಿಗೆ ಅಂತ ಇಡ್ತಾರೆ."

ಅಮ್ಮ ತಲೆಯ ಬಟ್ಟೆ ಬಿಚ್ಚಿಕೊಂಡಳು. "ಹಂಗಾದ್ರೆ ಅದ್ರಲ್ಲಿ ನಂದೂ ಇದೆ."

"ಇದೆ. ನಿಮ್ಮದೂ ಇದೆ."

"ಹಂಗಾದ್ರೆ ಸರಿ. ಚೆನ್ನಾಗಿ ಕೆಲ್ಸ ಮಾಡ್ಸಿ ಸಾರ್, ಸೋಮಾರಿತನ ಮಾಡಕ್ಕೆ ಬಿಡ್ಬೇಡಿ" ಎಂದು ಹೇಳಿ ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಬೆಲ್ಲದ ಕಾಫಿ ಮಾಡಿಕೊಂಡು ತಂದಳು. ಅವತ್ತು ಸಂಜೆ ಲೈನಿನ ನಲ್ಲಿಯ ಹತ್ತಿರ ಅವಳು ಯಾರಿಗೋ ಹೇಳುತ್ತಿದ್ದದ್ದು ಒಳಗೆ ನನಗೆ ಕೇಳಿತು: "ಅದು ಅಡ್ವಾನ್ಸ್ ಅಲ್ಲ ಕಣೆ. ನಾನೇ ಕೇಳ್ದೆ."

ಯೋಜನೆಯ ಕೆಲಸದ ಜೊತೆಗೇ ಓದಿ ಮತ್ತೆ ಪರೀಕ್ಷೆ ಬರೆದೆ. ಈ ಸಲ ಫೆಲೋಶಿಪ್ ಬಂತು, ಸರ್ ಹತ್ತಿರವೇ ಪಿಎಚ್‌ಡಿಗೆ ಸೇರಿಕೊಂಡೆ. ಯೋಜನೆಯ ಅವಧಿಯೂ ಅದೇ ಹೊತ್ತಿಗೆ ಮುಗಿದಿತ್ತು. ಒಂದು ನಿಲ್ಲುತ್ತಿದ್ದಂತೆ ಇನ್ನೊಂದು ಶುರುವಾಗುತ್ತದೆ ಎಂದು ನಿಶ್ಚಿಂತಳಾದೆ. ಆದರೆ ಫೆಲೋಶಿಪ್ಪಿನ ಹಣ ಬರಲಿಲ್ಲ. ಮುಂದಿನ ತಿಂಗಳು ಬರಬಹುದೆಂದು ಕಾದೆ, ಆಗಲೂ ಇಲ್ಲ. ಅರ್ಧ ವರ್ಷ ಹೀಗೇ ಹೋಯಿತು. ಬಂದೇ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಬರುವವರೆಗೆ ಬದುಕುವುದು ಹೇಗೆ ಎನ್ನುವುದು ನನ್ನ ಪಾಡು. ಮನೆಗೆ ಹೇಳುವ ಹಾಗಿಲ್ಲ. ಹೇಳಿದರೆ ಅಮ್ಮನ ಹಳೆಯ ಭಯ ಎದ್ದು ಕೂರುತ್ತದೆ.

ಆ ದಿನಗಳು ನನಗೆ ಕಷ್ಟದ ದಿನಗಳಾಗಿ ನೆನಪಿಲ್ಲ, ಜನರ ಮುಖಗಳಾಗಿ ನೆನಪಿವೆ. ಸರ್ ವಿಭಾಗದ ಮುಖ್ಯಸ್ಥರ ಹತ್ತಿರ ಮಾತಾಡಿ ಎಂಎಸ್ಸಿ ಮಕ್ಕಳ ಪ್ರಯೋಗ ತರಗತಿಗಳನ್ನು ನನಗೆ ಕೊಡಿಸಿದರು. ಅದರ ಗೌರವಧನದಲ್ಲಿ ಮೆಸ್ಸಿನ ಬಾಕಿ ಬೆಳೆಯದಂತೆ ನೋಡಿಕೊಂಡೆ. ಕಚೇರಿಯ ಗುಮಾಸ್ತರೊಬ್ಬರು, ಅವರಿಗೆ ನಾನು ಯಾರೂ ಅಲ್ಲ, ಫೆಲೋಶಿಪ್ ಕೊಡುವ ದೆಹಲಿಯ ಕಚೇರಿಗೆ ಮತ್ತೆ ಮತ್ತೆ ಫೋನು ಹಚ್ಚಿದರು. "ಸಿಗ್ತದೆ ಬಿಡಿ, ಎಲ್ಲಿ ಸಿಕ್ಕಿ ಬಿದ್ದಿದೆ ಅಂತ ಗೊತ್ತಾದ್ರೆ ಸಾಕು" ಎನ್ನುವರು.

ಅದೇ ಸಮಯಕ್ಕೆ ನನ್ನ ಕೆಲಸ ನರಸಿಂಹರಾಜಪುರದ ಕಡೆ ನಡೆದಿತ್ತು. ಅಲ್ಲೊಂದು ಅಡಿಕೆ ತೋಟದ ಕೆಳಗೆ ಹಳ್ಳ ಹರಿದು ಭದ್ರಾ ಹಿನ್ನೀರಿಗೆ ಸೇರುತ್ತದೆ. ಆ ಹಳ್ಳದ ತಳದ ಕೆಸರು ನನಗೆ ಬೇಕು. ತೋಟದ ಒಡತಿ ಅರವತ್ತು ದಾಟಿದ ಹೆಂಗಸು. ನಾನು ಬಾಟಲಿ, ಚೀಲ ಹೊತ್ತು ಇಳಿಯುವುದನ್ನು ಮೇಲಿನಿಂದಲೇ ನೋಡುತ್ತಿದ್ದರು. ಒಂದು ಮಧ್ಯಾಹ್ನ ಮಣ್ಣಿನ ಕಡಿದಾದ ದರೆಯ ನೆರಳಿನಲ್ಲಿ ಕೂತು ಡಬ್ಬಿಯ ಒಣ ಅವಲಕ್ಕಿ ತಿನ್ನುತ್ತಿದ್ದೆ. ಅವರು ಇಳಿದು ಬಂದರು.

"ಎಂತ ಕೂಸೆ ಅದು, ಬರೀ ಅವಲಕ್ಕಿಯ? ಅದ್ರಲ್ಲಿ ಹೊಟ್ಟೆ ತುಂಬ್ತ? ಮೇಲೆ ಬಾ, ಊಟಕ್ಕೆ."

"ಬೇಡ ಅಮ್ಮ, ಕೆಲಸ ಇದೆ."

"ಕೆಲಸ ಎಲ್ಲಿಗೂ ಓಡಿ ಹೋಗ್ತಿಲ್ಲೆ. ಯಾರ ಮನೆ ಕೂಸು ನೀನು?"

ನಾನು ಹೇಳಿದೆ. ಬಸರೀಕಟ್ಟೆಯ ಎಸ್ಟೇಟ್ ಲೈನಿನವಳು, ಅಪ್ಪ ಅಮ್ಮ ಕೂಲಿಯವರು. ಹೇಳಿದ ಮೇಲೆ ಮುಂದೇನಾಗುತ್ತದೆ ಎಂಬುದು ಚಿಕ್ಕಂದಿನಿಂದ ಗೊತ್ತಿರುವ ಸಂಗತಿ. ಕೆಲವು ಮನೆಗಳಲ್ಲಿ ಜಗಲಿಯ ಕೆಳಗೆ ಎಲೆ ಬರುತ್ತದೆ, ಕೆಲವು ಕಡೆ ಹಿತ್ತಿಲಿಗೆ. ಅವರು ನನ್ನ ಕೈಯ ಡಬ್ಬಿಯ ಕಡೆ ನೋಡಿದರು. ಆ ಕ್ಷಣದಲ್ಲಿ ಅವರೊಳಗೆ ಏನು ನಡೆಯಿತೋ ನಾನು ಯಾವತ್ತೂ ಕೇಳಲಿಲ್ಲ. ಆಮೇಲೆ, "ಕೈಕಾಲು ತೊಳ್ಕ ಬಾ" ಎಂದು ಮುಂದೆ ನಡೆದರು. ಒಳಗೆ ಊಟದ ಕೋಣೆಯಲ್ಲಿ ಎರಡು ಬಾಳೆಲೆ ಪಕ್ಕಪಕ್ಕ ಹಾಕಿ, ಒಂದರ ಮುಂದೆ ತಾವೇ ಕೂತು, ಇನ್ನೊಂದನ್ನು ನನಗೆ ತೋರಿಸಿದರು. ಬಿಸಿ ಅನ್ನ, ಕೆಸುವಿನ ಸೊಪ್ಪಿನ ಸಾರು, ಮಜ್ಜಿಗೆ. ನಾನು ತಲೆ ತಗ್ಗಿಸಿ ಉಂಡೆ.

"ಸಂಬಳ ಕೊಡ್ತ್ವ ನಿಂಗೆ ಇದಕ್ಕೆ?" ಎಂದು ಕೇಳಿದರು.

"ಕೊಡ್ತಾರೆ, ಇನ್ನೂ ಬಂದಿಲ್ಲ."

"ಹಾಂಗಾರೆ ಬಪ್ಪವರೆಗೆ ಇಲ್ಲೇ ಉಣ್ಣು."

ಮುಂದೆ ಆ ಕಡೆ ಕೆಲಸವಿದ್ದಾಗಲೆಲ್ಲ ಅವರ ಮನೆಯಲ್ಲೇ ಉಳಿದೆ. ಲಾಡ್ಜಿನ ಖರ್ಚು ಉಳಿಯಿತು ಎನ್ನುವುದು ಸಣ್ಣ ಮಾತು. ಸಂಜೆ ಅವರು ಅಡಿಕೆ ಸುಲಿಯುತ್ತಾ, ಹಿನ್ನೀರು ತುಂಬುವ ಮೊದಲು ಆ ಕಣಿವೆ ಹೇಗಿತ್ತೆಂದು ತಮ್ಮ ಅತ್ತೆಯಿಂದ ಕೇಳಿದ್ದನ್ನು ಹೇಳುವರು. ನಾನು ಬಾಟಲಿಗಳಿಗೆ ಚೀಟಿ ಅಂಟಿಸುತ್ತಾ ಕೇಳುವೆ.

ಕೊನೆಗೆ ಗುಮಾಸ್ತರೇ ತೊಡಕು ಪತ್ತೆ ಮಾಡಿದರು. ನನ್ನ ಖಾತೆಯಿದ್ದ ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗಿ ಶಾಖೆಯ ಕೋಡು ಬದಲಾಗಿತ್ತು. ಹಣ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ಸರಿಪಡಿಸಿದ ಕೆಲವು ವಾರಕ್ಕೆ ಅಷ್ಟೂ ತಿಂಗಳದ್ದು ಒಟ್ಟಿಗೇ ಬಂತು. ಫೋನಿನ ಮೆಸೇಜು ನೋಡಿ ಮೊದಲು ಓಡಿದ್ದು ಅವರ ಮೇಜಿನ ಹತ್ತಿರ. ಅವರು ಕನ್ನಡಕದ ಮೇಲಿಂದ ನೋಡಿ, "ಬಂತಾ? ಸರಿ, ಇನ್ನು ಓದಿ" ಎಂದು ಮತ್ತೆ ಫೈಲಿಗೆ ತಲೆ ಹಾಕಿದರು.

ಆ ದುಡ್ಡಿನಲ್ಲಿ ಅಪ್ಪನಿಗೆ ಮದ್ದು ಹೊಡೆಯುವಾಗ ಹಾಕಿಕೊಳ್ಳುವ ಒಳ್ಳೆಯ ಮುಖಗವಸು, ಉದ್ದ ಕೈಗವಸು ತಂದೆ. "ಇದನ್ನ ಹಾಕ್ಕಂಡ್ರೆ ಜನ ನಗ್ತಾರೆ ಮಗಾ" ಎಂದ. ನಕ್ಕರಂತೆ. ಎರಡನೇ ಮಳೆಗಾಲಕ್ಕೆ ಅವನ ಜೊತೆಯವರು ಅದು ಎಲ್ಲಿ ಸಿಗುತ್ತದೆ ಎಂದು ವಿಚಾರಿಸತೊಡಗಿದರಂತೆ. ಮೇಡಂಗೆ ಒಂದು ಹತ್ತಿ ಸೀರೆ ತೆಗೆದುಕೊಂಡು ಹೋದೆ. ಬೇಡ ಗೀಡ ಎನ್ನದೆ ಬಿಚ್ಚಿ, ಬಟ್ಟೆಯ ಮೇಲೆ ಕೈಯಾಡಿಸಿ, "ಬಣ್ಣ ಯಾವುದು ಹೇಳೇ" ಎಂದು ಕೇಳಿದರು. ಅಷ್ಟು ಹೊತ್ತಿಗೆ ಅವರ ಕಣ್ಣು ಬಹಳ ಮಂಜಾಗಿತ್ತು. ಹಸಿರು ಎಂದೆ. "ಒಳ್ಳೇದು" ಎಂದರು.

ಫೆಲೋಶಿಪ್ಪಿನ ಜೊತೆ ಪ್ರತಿ ವರ್ಷ ಸಾಮಾನಿಗೆ, ಓಡಾಟಕ್ಕೆ ಅಂತ ಬೇರೆ ಹಣವೂ ಬರುತ್ತಿತ್ತು. ಭಂಡಿಗಡಿಯ ತೋಟಗಳಿಗೆ ಜೀಪಿನಲ್ಲಿ ಹೋದದ್ದು, ಬಾಟಲಿ, ರಾಸಾಯನಿಕ ತರಿಸಿದ್ದು ಎಲ್ಲ ಅದರಲ್ಲೇ. ಮೂರನೇ ವರ್ಷಕ್ಕೆ ಕೆಲಸ ಪರಿಶೀಲಿಸಿ ಹಣ ಹೆಚ್ಚಿಸಿದರು. ನಾನು ಕಂಡುಕೊಂಡದ್ದು ಆಕಾಶ ಕೆಳಗೆ ಬೀಳುವಂಥದ್ದೇನಲ್ಲ. ಹಳೆಯ ತೋಟದ ಮಣ್ಣಿನಲ್ಲಿ ತಾಮ್ರ ಕೂತುಬಿಟ್ಟಿದೆ. ಹಳ್ಳಕ್ಕೆ ಹೋಗುವುದು ನಾವು ಹೆದರಿದ್ದಕ್ಕಿಂತ ಕಡಿಮೆ. ಡ್ರಮ್ಮುಗಳನ್ನು ಹಳ್ಳದಲ್ಲೇ ತೊಳೆಯುವ ಕಡೆ ಮಾತ್ರ ತಳದ ಹುಳುಹುಪ್ಪಟೆ ಕಾಣೆಯಾಗಿವೆ. ಕೊಪ್ಪದಲ್ಲಿ ಬೆಳೆಗಾರರ ಒಂದು ಸಭೆಯಲ್ಲಿ ಅದನ್ನು ಹೇಳಲು ನನ್ನನ್ನು ಕರೆದಿದ್ದರು. ಮುಗಿದ ಮೇಲೆ ಒಬ್ಬ ಬೆಳೆಗಾರರು ಎದ್ದು, "ಹಂಗಾದ್ರೆ ಡ್ರಮ್ಮು ಎಲ್ಲಿ ತೊಳೀಬೇಕು, ಅದನ್ನ ಹೇಳಮ್ಮ" ಎಂದರು. ಪಿಎಚ್‌ಡಿಯಲ್ಲಿ ನನಗೆ ಬಂದ ಪ್ರಶ್ನೆಗಳಲ್ಲೆಲ್ಲ ಅದೇ ನನಗೆ ಹೆಚ್ಚು ಇಷ್ಟವಾದದ್ದು.

ಪ್ರಬಂಧದ ಮೌಖಿಕ ಪರೀಕ್ಷೆಗೆ ಅಪ್ಪ ಅಮ್ಮ ಇಬ್ಬರೂ ಬಂದರು. ಮೇಡಂ ತಮ್ಮ ಸೊಸೆಯ ಕೈ ಹಿಡಿದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ಹೊರಗಿನಿಂದ ಬಂದ ಪರೀಕ್ಷಕರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಎಲ್ಲ ಮುಗಿದು ಚಪ್ಪಾಳೆ ಬಿದ್ದಾಗ ಅಮ್ಮ ಅಕ್ಕಪಕ್ಕ ನೋಡಿ ತಾನೂ ತಟ್ಟಿದಳು. ಹೊರಗೆ ಬಂದ ಮೇಲೆ, "ಅವ್ರು ಅಷ್ಟೊಂದು ಜೋರು ಮಾಡ್ತಿದ್ರಲ್ಲ, ನಿಂಗೆ ಸಿಟ್ಟು ಬರ್ಲಿಲ್ವಾ?" ಎಂದು ಕೇಳಿದಳು. ಅದು ಜೋರಲ್ಲ, ಹಾಗೆ ಕೇಳುವುದೇ ಅವರ ಕೆಲಸ ಎಂದೆ. "ಎಂತ ಕೆಲ್ಸವೋ" ಎಂದಳು.

ಈಗ ನಾನೊಂದು ಸರಕಾರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ವರ್ಷ ನನ್ನ ಹೆಸರಿಗೆ ಮೊದಲ ಪುಟ್ಟ ಸಂಶೋಧನಾ ಯೋಜನೆ ಮಂಜೂರಾಗಿದೆ. ಅದರಲ್ಲಿ ಒಬ್ಬ ಸಹಾಯಕರಿಗೆ ಸಂಬಳವಿದೆ. ಎಂಎಸ್ಸಿ ಮುಗಿಸಿ ಮನೆಯಲ್ಲಿದ್ದ ಹುಡುಗಿಯೊಬ್ಬಳು ಆಯ್ಕೆಯಾಗಿದ್ದಾಳೆ. ಕಳೆದ ವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಅಡ್ಡಗದ್ದೆ ಕಡೆಯ ಹಳ್ಳಕ್ಕೆ ಇಳಿದಿದ್ದೆ. ನೀರು ತಣ್ಣಗಿತ್ತು. ಅವಳು ಹೊಸ ಚೂಡಿದಾರ ಹಾಕಿಕೊಂಡು ಬಂದಿದ್ದಳು, ಮೊದಲ ದಿನವಲ್ಲವೇ. ದಡದಲ್ಲಿ ನಿಂತು ಇಳಿಯಲೋ ಬೇಡವೋ ಎಂದು ನೋಡುತ್ತಿದ್ದವಳಿಗೆ ನಾನು ಕೈ ಚಾಚಿದೆ. ಅವಳು ಹಿಡಿದುಕೊಂಡಳು. ಪಾಚಿ ಕಟ್ಟಿದ ಕಲ್ಲು ಜಾರಿ ಇಬ್ಬರೂ ಮೊಣಕಾಲುದ್ದದ ನೀರಿಗೆ ಬಿದ್ದೆವು.